ಹವಳದ ಉಂಗುರದಲ್ಲಿ ಹನ್ನೆರಡು ದಿನ

ದ್ವೀಪ ಎಂಬ ಶಬ್ದಕ್ಕೆ ಸಂಸ್ಕೃತದ ವೈಯಾಕರಣರು ‘ಎರಡು ಕಡೆ ನೀರುಳ್ಳದ್ದು’ ಎಂದು ವ್ಯುತ್ಪತ್ತಿ ಹೇಳುತ್ತಾರೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದ ದಿನಗಳಲ್ಲಿ ನಾವು ಇದನ್ನು ಬಾಯಿಪಾಠ ಮಾಡಿ ಗುರುಗಳ ಮುಂದೆ ಒಪ್ಪಿಸಿದ್ದೆವು. ಜಂಬೂದ್ವೀಪವೇ ಮೊದಲಾದ ಏಳು ದ್ವೀಪಗಳನ್ನೂ ಅವುಗಳನ್ನು ಬಳಸಿದ ಏಳು ಸಮುದ್ರಗಳನ್ನೂ ತಪ್ಪಿಲ್ಲದೆ ಹೇಳುತ್ತಿದ್ದೆವು. ದ್ವೀಪಕ್ಕೆ ಸುತ್ತಲೂ ನೀರಿರುವಾಗ ಎರಡೇ ಕಡೆ ಎಂದೇಕೆ ಹೇಳಿದರು ಎಂದು ಕೇಳಬೇಕೆಂದು ಮಾತ್ರ ನಮಗೆ ತೋಚಲಿಲ್ಲ. ಬಯಲುಸೀಮೆಯ ಮಕ್ಕಳಾದ ನಾವು ಆಗ ಸಮುದ್ರವನ್ನೇ ಕಂಡವರಲ್ಲ.

ಎಷ್ಟೋ ವರ್ಷಗಳ ತರುವಾಯ ಚಾರ್ಲ್ಸ್ ಡಾರ್ವಿನ್ನನ ಪ್ರವಾಸಕಥನವನ್ನು ಓದುತ್ತಿದ್ದಾಗ, ಆ ವ್ಯುತ್ಪತ್ತಿ ಅಕ್ಷರಶಃ ಸಾರ್ಥಕವಾಗುವ ಒಂದು ನೆಲದ ಪರಿಚಯ ನಮಗಾಯಿತು. ಹೊರಗೆ ಮೊರೆಯುವ ಮಹಾಸಾಗರ, ಒಳಗೆ ಕದಡದ ಕೊಳ, ಎರಡರ ನಡುವೆ ಉಂಗುರದಂತೆ ಬಾಗಿದ ಕಿರಿದಾದ ನೆಲ, ಅದರ ಮೇಲೆ ತೆಂಗಿನ ತೋಪು. ಹಿಂದೂ ಮಹಾಸಾಗರದ ನಡುವಿನ ಈ ದ್ವೀಪಸಮೂಹಕ್ಕೆ ಕೀಲಿಂಗ್ ಅಥವಾ ಕೊಕೊಸ್ ದ್ವೀಪಗಳೆಂದು ಹೆಸರು.

ನಮ್ಮ ಮನೆಗಳಲ್ಲಿ ಡಾರ್ವಿನ್ನನ ಹೆಸರೆತ್ತಿದರೆ ‘ಮಂಗನಿಂದ ಮಾನವ’ ಎಂಬ ಒಂದು ಮಾತಿಗೆ ಚರ್ಚೆ ಮುಗಿದುಹೋಗುತ್ತದೆ. ಹಿರಿಯರು ಮುಖ ತಿರುಗಿಸುತ್ತಾರೆ, ವಿಜ್ಞಾನ ಓದುವ ಮಕ್ಕಳು ಸುಮ್ಮನಾಗುತ್ತಾರೆ. ಈ ಮೌನ ಹಿತವಾದುದಲ್ಲವೆಂದು ನಮಗೆ ತೋರುತ್ತದೆ. ಆದ್ದರಿಂದ ವಾದವನ್ನು ಬದಿಗಿರಿಸಿ, ಆ ಮನುಷ್ಯನು ಒಂದು ದ್ವೀಪದ ಮೇಲೆ ನಡೆದಾಡಿದ ಹನ್ನೆರಡು ದಿನಗಳನ್ನು ಓದುಗ ಬಂಧುಗಳ ಮುಂದಿಡಲು ಈ ಲೇಖನದಲ್ಲಿ ಯತ್ನಿಸಿದ್ದೇವೆ.

ಹಾಯಿಹಡಗಿನ ಐದು ವರ್ಷ

1831ರ ಡಿಸೆಂಬರ್ 27ರಂದು ಬೀಗಲ್ ಎಂಬ ಹಾಯಿಹಡಗು ಇಂಗ್ಲೆಂಡಿನಿಂದ ಹೊರಟಿತು. ದಕ್ಷಿಣ ಅಮೆರಿಕದ ಕರಾವಳಿಯನ್ನು ಅಳೆದು ನಕ್ಷೆ ಬರೆಯುವುದು ಅದರ ಮುಖ್ಯ ಕೆಲಸ. ಸುಮಾರು 90 ಅಡಿ ಉದ್ದದ ಆ ಹಡಗಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ. ಕಪ್ತಾನ ರಾಬರ್ಟ್ ಫಿಟ್ಸ್‌ರಾಯ್. ಅವನ ಜೊತೆಗಾರನಾಗಿ, ಪ್ರಕೃತಿಯ ಅಧ್ಯಯನಕ್ಕಾಗಿ ಹೊರಟ ಡಾರ್ವಿನ್ನನಿಗೆ ಆಗ 22 ವರ್ಷ. ಕೇಂಬ್ರಿಜ್ಜಿನಲ್ಲಿ ಓದು ಮುಗಿಸಿದ್ದ ಅವನು ಊರಿಗೆ ಮರಳಿ ಪಾದ್ರಿಯಾಗಬೇಕೆಂಬುದು ತಂದೆಯ ಅಪೇಕ್ಷೆಯಾಗಿತ್ತು.

ಎರಡು ವರ್ಷಗಳಲ್ಲಿ ಮುಗಿಯಬೇಕಿದ್ದ ಯಾತ್ರೆ ಐದು ವರ್ಷಗಳಷ್ಟು ಬೆಳೆಯಿತು. ಡಾರ್ವಿನ್ನನಿಗೆ ಕಡಲು ಒಗ್ಗಲೇ ಇಲ್ಲ. ಅಲೆ ಎದ್ದಾಗಲೆಲ್ಲ ವಾಂತಿ, ತಲೆಸುತ್ತು. ಐದು ವರ್ಷ ಕಳೆದರೂ ಅದು ಅವನನ್ನು ಬಿಡಲಿಲ್ಲ. ಹಾಗಾಗಿ ನೆಲ ಕಂಡರೆ ಸಾಕು, ಇಳಿದು ನಡೆಯುತ್ತಿದ್ದನು. ಆ ಯಾತ್ರೆಯ ಬಹುಪಾಲು ಕಾಲವನ್ನು ಅವನು ದಡದ ಮೇಲೆಯೇ ಕಳೆದನೆಂದರೆ ಕೆಲವರಿಗೆ ಆಶ್ಚರ್ಯವಾದೀತು. 1836ರ ಏಪ್ರಿಲ್ 1ರಂದು ಬೀಗಲ್ ಹಡಗು ಕೀಲಿಂಗ್ ದ್ವೀಪಗಳನ್ನು ತಲುಪಿದಾಗ ಅವನಿಗೆ 27 ತುಂಬಿತ್ತು.

ದಡಕ್ಕಿಳಿದ ಮೇಲೆ

ಆ ದ್ವೀಪದಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ನೆಲದ ಎತ್ತರ ಕಡಲ ಮಟ್ಟದಿಂದ ಕೆಲವೇ ಅಡಿ. ದೂರದಿಂದ ಬರುವವರಿಗೆ ಮೊದಲು ಕಾಣುವುದು ನೆಲವಲ್ಲ, ನೀರಿನಿಂದ ನೇರವಾಗಿ ಎದ್ದು ನಿಂತಂತಿರುವ ತೆಂಗಿನ ತಲೆಗಳು. ಉಂಗುರದ ಒಡಕಿನಲ್ಲಿ ಹಡಗು ಒಳಹೊಕ್ಕರೆ ಒಳಕೊಳದ ತಿಳಿನೀರು. ಬಿಳಿಯ ಮರಳಿನ ಮೇಲೆ ನಿಂತ ನೀರು ಬಿಸಿಲಿಗೆ ಹಸಿರಾಗಿ ಹೊಳೆಯುತ್ತದೆ, ಅದರಡಿ ಹವಳದ ಹೊಲಗಳು ಕಪ್ಪು ಪಟ್ಟೆಗಳಂತೆ ತೋರುತ್ತವೆ.

ಡಾರ್ವಿನ್ನನು ದಡಕ್ಕಿಳಿದು ಕಂಡದ್ದನ್ನೆಲ್ಲ ಎಣಿಸತೊಡಗಿದನು. ಅವನಿಗೆ ಸಿಕ್ಕ ಗಿಡಮರಗಳ ಜಾತಿ ಇಪ್ಪತ್ತರಷ್ಟು. ಕೀಟಗಳ ಜಾತಿ ಹದಿಮೂರು. ನಿಜವಾದ ನೆಲಹಕ್ಕಿ ಒಂದೂ ಇಲ್ಲ. ಇಲಿಗಳಿದ್ದವು, ಅವು ಒಡೆದುಹೋದ ಒಂದು ಹಡಗಿನಿಂದ ಬಂದವು. ಮುಟ್ಟಿದರೆ ಚುರುಗುಟ್ಟುವ ಒಂದು ಬಗೆಯ ಹವಳವಿದೆಯೆಂದು ತಿಳಿದಾಗ, ಅದರ ಕೊಂಬೆಯನ್ನು ತನ್ನ ಮುಖಕ್ಕೂ ತೋಳಿಗೂ ಒತ್ತಿ ನೋಡಿಕೊಂಡನು. ಕೆಲವು ನಿಮಿಷಗಳವರೆಗೆ ಉರಿ ನಿಂತಿತು. ಕೇಳಿದ್ದನ್ನು ಬರೆಯುವುದಕ್ಕಿಂತ ತಾಳಿದ್ದನ್ನು ಬರೆಯುವುದು ಅವನ ಸ್ವಭಾವ.

ಅಲ್ಲಿನ ಬಾವಿಗಳು ಅವನನ್ನು ಬೆರಗುಗೊಳಿಸಿದವು. ಕಡಲ ಮಗ್ಗುಲಲ್ಲೇ ಮರಳು ತೋಡಿದರೆ ಸಿಹಿನೀರು. ಆದರೆ ಕಡಲು ಉಬ್ಬಿದಾಗ ಬಾವಿಯ ನೀರೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ಮಳೆಯ ನೀರು ಮರಳಿನಲ್ಲಿ ಇಂಗಿ, ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ಕೂಡದೆ ತೇಲಿ ನಿಲ್ಲುವುದರಿಂದ ಹೀಗಾಗುತ್ತದೆ. ಅಂಥ ಸಣ್ಣ ನೆಲದ ಮೇಲೆ ಮನುಷ್ಯರು ಬದುಕುವುದು ಈ ತೆಳುವಾದ ಸಿಹಿನೀರಿನ ಪದರದ ಕೃಪೆಯಿಂದ.

ತೆಂಗು ಅಲ್ಲಿ ಸರ್ವಸ್ವ. ಜನರಿಗಷ್ಟೇ ಅಲ್ಲ, ಹಂದಿಗಳಿಗೂ ಕೋಳಿ ಬಾತುಗಳಿಗೂ ಅದೇ ಆಹಾರ. ಏಡಿಯೊಂದು ಸಹ ತೆಂಗಿನಕಾಯಿ ತಿನ್ನುವುದನ್ನು ಡಾರ್ವಿನ್ನನು ವಿವರಿಸಿದ್ದಾನೆ. ಆ ದೊಡ್ಡ ಏಡಿ ಕಾಯಿಯ ಮೂರು ಕಣ್ಣುಗಳಿರುವ ಕಡೆಯಿಂದಲೇ ನಾರನ್ನು ಎಳೆ ಎಳೆಯಾಗಿ ಸುಲಿಯುತ್ತದೆ. ಬಳಿಕ ಭಾರವಾದ ಕೊಂಡಿಗಳಿಂದ ಒಂದು ಕಣ್ಣಿನ ಮೇಲೆ ಬಡಿದು ತೂತು ಮಾಡಿ, ಹಿಂಗಾಲಿನ ಕಿರಿಯ ಚಿಮಟದಿಂದ ತಿರುಳನ್ನು ತೆಗೆಯುತ್ತದೆ. ಸುಲಿದ ನಾರನ್ನೂ ವ್ಯರ್ಥಮಾಡದೆ ಬಿಲದೊಳಗೆ ಹಾಸಿಕೊಳ್ಳುತ್ತದೆ. ಪೂಜೆಗೆ ಕಾಯಿ ಒಡೆಯುವ ನಮ್ಮ ಮನೆಗಳ ತಾಯಂದಿರು, ಕಾಯಿಯ ಕಣ್ಣು ಯಾವ ಕಡೆಗಿದೆಯೆಂದು ಬಲ್ಲ ಈ ಜೀವಿಯ ಜಾಣ್ಮೆಗೆ ತಲೆದೂಗದೆ ಇರಲಾರರು.

ಬೀಜಗಳ ಯಾತ್ರೆ

ಇಪ್ಪತ್ತು ಜಾತಿಯ ಗಿಡಗಳು ಅಲ್ಲಿಗೆ ಬಂದದ್ದೆಲ್ಲಿಂದ? ಅತಿ ಸಮೀಪದ ದೊಡ್ಡ ನೆಲವಾದ ಸುಮಾತ್ರ, ಜಾವಾಗಳೇ ನೂರಾರು ಮೈಲಿ ದೂರ. ಅಲೆಗಳು ತಂದು ದಡಕ್ಕೆ ಹಾಕಿದ ಬೀಜಗಳಿಂದಲೇ ಆ ಕಾಡು ಎದ್ದಿತೆಂದು ಡಾರ್ವಿನ್ನನು ತರ್ಕಿಸಿದನು. ಅವನು ಸಂಗ್ರಹಿಸಿ ಒಯ್ದ ಸಸ್ಯಗಳನ್ನು ಅವನ ಗುರು ಹೆನ್ಸ್‌ಲೋ 1838ರಲ್ಲಿ ವಿವರಿಸಿ ಪ್ರಕಟಿಸಿದನು. ಶಿಷ್ಯನು ಅಷ್ಟಕ್ಕೆ ಬಿಡಲಿಲ್ಲ. ವರ್ಷಗಳ ನಂತರ ತನ್ನ ಮನೆಯಲ್ಲೇ 87 ಬಗೆಯ ಬೀಜಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿ ಕಾದನು. 28 ದಿನಗಳ ಮೇಲೆ ಅವುಗಳಲ್ಲಿ 64 ಮೊಳೆತವು. ಬೀಜಕ್ಕೆ ಕಡಲು ದಾಟುವ ಶಕ್ತಿಯುಂಟೆಂಬುದು ಹೀಗೆ ಮಾತಿನಿಂದಲ್ಲ, ಬಟ್ಟಲಿನ ನೀರಿನಿಂದ ತಿಳಿಯಿತು.

ಇನ್ನೊಂದು ಸಂಗತಿ. ಸುಣ್ಣವಲ್ಲದ ಬೇರೆ ಕಲ್ಲೇ ಇಲ್ಲದ ಆ ದ್ವೀಪದಲ್ಲಿ, ಮನುಷ್ಯನ ತಲೆಗಿಂತ ದೊಡ್ಡದಾದ ಒಂದು ಗಟ್ಟಿ ಕಲ್ಲು ಸಿಕ್ಕಿತ್ತು. ಅಲ್ಲಿನವರು ಅದನ್ನು ಕೌತುಕದ ವಸ್ತುವೆಂದು ಕಾಪಾಡಿದ್ದರು. ಎಲ್ಲಿಯೋ ಬುಡಮೇಲಾದ ಮರವೊಂದು ಬೇರುಗಳ ನಡುವೆ ಅದನ್ನು ಅವಚಿಕೊಂಡು ತೇಲಿ ಬಂದಿರಬೇಕೆಂದು ಡಾರ್ವಿನ್ನನು ಊಹಿಸಿದನು. ಕಲ್ಲೇ ಕಲ್ಲಾದ ನಮ್ಮ ನಾಡಿನಲ್ಲಿ ಕುಳಿತು ಇದನ್ನು ಓದುವಾಗ ಒಂದು ಕಲ್ಲಿಗೂ ಇಷ್ಟು ದೊಡ್ಡ ಯಾತ್ರೆಯುಂಟೆ ಎನಿಸುತ್ತದೆ.

ಕಾಣದ ಕಟ್ಟುವವರು

ಏಪ್ರಿಲ್ 6ರಂದು ಡಾರ್ವಿನ್ನನು ಫಿಟ್ಸ್‌ರಾಯ್‌ನೊಡನೆ ಒಳಕೊಳದ ತುದಿಯ ದ್ವೀಪಕ್ಕೆ ಹೋಗಿ, ನೆಲವನ್ನು ಅಡ್ಡ ಹಾಯ್ದು ಗಾಳಿಗೆದುರಾದ ಕರಾವಳಿಗೆ ಬಂದನು. ಅಲ್ಲಿ ಸಾಗರದ ಅಲೆಗಳು ಹಗಲಿರುಳು ಬಿಡುವಿಲ್ಲದೆ ಅಪ್ಪಳಿಸುತ್ತವೆ. ಅತಿ ಗಟ್ಟಿಯಾದ ಬಂಡೆಯೂ ಕಾಲಕ್ರಮದಲ್ಲಿ ಅವುಗಳಿಗೆ ಸೋತು ಪುಡಿಯಾಗಬೇಕು. ಆದರೆ ಈ ತಗ್ಗಾದ, ದುರ್ಬಲವಾದ ಉಂಗುರ ಗೆದ್ದು ನಿಂತಿದೆ. ಕಾರಣ, ಅದು ಬರಿಯ ಕಲ್ಲಲ್ಲ, ಜೀವಂತವಾದುದು. ಮೆತ್ತನೆಯ ಮೈಯ ಸೂಕ್ಷ್ಮ ಹವಳಜೀವಿಗಳು ಕಡಲನೀರಿನಲ್ಲಿ ಕರಗಿದ ಸುಣ್ಣವನ್ನು ಹೀರಿ, ಗೂಡು ಕಟ್ಟಿ, ಒಡೆದದ್ದನ್ನು ಮತ್ತೆ ಕಟ್ಟುತ್ತ ಇರುತ್ತವೆ. ಕೆಡಹುವ ಶಕ್ತಿಗಿಂತ ಕಟ್ಟುವ ತಾಳ್ಮೆಯೇ ಅಲ್ಲಿ ಮೇಲಾಗಿದೆ.

ಇಲ್ಲೊಂದು ಒಗಟಿತ್ತು. ದಿಬ್ಬ ಕಟ್ಟುವ ಹವಳಗಳು ನೀರಿನಲ್ಲಿ 120ರಿಂದ 180 ಅಡಿಗಿಂತ ಕೆಳಗೆ ಬೆಳೆಯಲಾರವೆಂದು ಡಾರ್ವಿನ್ನನಿಗೆ ಕಂಡುಬಂದಿತ್ತು. ಆದರೆ ದಡದಿಂದ 2,200 ಗಜ ದೂರದಲ್ಲಿ ಫಿಟ್ಸ್‌ರಾಯ್ 7,200 ಅಡಿ ಹಗ್ಗ ಇಳಿಬಿಟ್ಟರೂ ತಳ ಸಿಗಲಿಲ್ಲ. ಹಾಗಾದರೆ ಅಷ್ಟು ಆಳದಿಂದ ಎದ್ದ ಈ ಹವಳದ ಬೆಟ್ಟಕ್ಕೆ ಅಡಿಪಾಯ ಹಾಕಿದವರಾರು? ಮುಳುಗಿದ ಅಗ್ನಿಪರ್ವತಗಳ ಬಾಯಿಯಂಚಿನಲ್ಲಿ ಹವಳ ಬೆಳೆದು ಉಂಗುರವಾಗುತ್ತದೆಂದು ಆ ಕಾಲದ ಪಂಡಿತರು ನಂಬಿದ್ದರು.

ಡಾರ್ವಿನ್ನನ ಉತ್ತರ ಬೇರೆ. 1835ರ ಫೆಬ್ರವರಿಯಲ್ಲಿ ಚಿಲಿ ದೇಶದ ಭೂಕಂಪದಲ್ಲಿ ಕರಾವಳಿಯ ನೆಲ ಕೆಲವು ಅಡಿ ಮೇಲೇರಿದ್ದನ್ನು ಅವನು ಕಣ್ಣಾರೆ ಕಂಡಿದ್ದನು. ನೆಲ ಏರುವುದಾದರೆ ಇಳಿಯಲೂ ಬೇಕಲ್ಲವೆ? ಮೊದಲು ಕಡಲ ನಡುವೆ ಒಂದು ಪರ್ವತದ್ವೀಪ. ಅದರ ಅಂಚಿಗೆ ಅಂಟಿಕೊಂಡು ಹವಳ. ಪರ್ವತ ಮೆಲ್ಲಮೆಲ್ಲನೆ ಕುಸಿಯುತ್ತ ಹೋದಂತೆ ಹವಳ ತನ್ನ ಹಳೆಯ ಗೂಡುಗಳ ಮೇಲೆ ಹೊಸ ಗೂಡು ಕಟ್ಟುತ್ತ ಬೆಳಕಿನ ಕಡೆಗೆ ಏರುತ್ತದೆ. ಕೊನೆಗೆ ಪರ್ವತವೆಲ್ಲ ಮುಳುಗಿ, ಅದರ ಸುತ್ತಳತೆಯನ್ನು ನೆನಪಿಸುವ ಹವಳದ ಉಂಗುರವಷ್ಟೇ ಉಳಿಯುತ್ತದೆ.

ಈ ವಿಚಾರವನ್ನು ಅವನು 1842ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಯಾರಾದರೂ ಶ್ರೀಮಂತನು ಇಂಥ ದ್ವೀಪವೊಂದನ್ನು ಆಳಕ್ಕೆ ಕೊರೆಸಿ ನೋಡಬಾರದೆ ಎಂದು 1881ರಲ್ಲಿ, ಮರಣಕ್ಕೆ ಒಂದು ವರ್ಷ ಮೊದಲು, ಪತ್ರದಲ್ಲಿ ಹಂಬಲಿಸಿದನು. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪದಲ್ಲಿ ಕೊರೆದಾಗ, ನಾಲ್ಕು ಸಾವಿರ ಅಡಿಗೂ ಮಿಕ್ಕ ಸುಣ್ಣದ ಪದರದ ಕೆಳಗೆ ಅಗ್ನಿಪರ್ವತದ ಕರಿಗಲ್ಲು ಸಿಕ್ಕಿತು. ಸತ್ಯಕ್ಕೆ ಸಾಕ್ಷಿ ಬರಲು ನೂರಹತ್ತು ವರ್ಷ ಬೇಕಾಯಿತು.

ದುಡಿದವರ ಪಾಡು

ಪ್ರಕೃತಿಯ ಬೆರಗಿನಲ್ಲೇ ಲೇಖನ ಮುಗಿಸಿದರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ದ್ವೀಪದಲ್ಲಿ ಮನುಷ್ಯರೂ ಇದ್ದರು. 1826ರಲ್ಲಿ ಅಲೆಕ್ಸಾಂಡರ್ ಹೇರ್ ಎಂಬ ಆಂಗ್ಲನು ಮಲಯ ಜನರನ್ನು ಗುಲಾಮರಾಗಿ ಅಲ್ಲಿಗೆ ತಂದಿದ್ದನು. ಮರುವರ್ಷ ಜಾನ್ ಕ್ಲೂನೀಸ್ ರಾಸ್ ಎಂಬ ನಾವಿಕನು ಸಂಸಾರಸಮೇತ ಬಂದು ನೆಲೆಸಿದನು. ಹೇರನ ಆಳುಗಳು ರಾಸನ ಕಡೆಗೆ ಓಡಿಬಂದರು. ಹೇರನು ದ್ವೀಪ ಬಿಟ್ಟುಹೋದನು. ಡಾರ್ವಿನ್ನನು ಬಂದಾಗ ಈ ಜನ ಹೆಸರಿಗೆ ಸ್ವತಂತ್ರರು. ಆದರೆ ಬಹುತೇಕ ವಿಷಯಗಳಲ್ಲಿ ಗುಲಾಮರಂತೆಯೇ ಪರಿಗಣಿತರು ಎಂದು ಅವನು ನೇರವಾಗಿ ಬರೆದಿದ್ದಾನೆ.

ಒಂದು ರಾತ್ರಿ ಆ ಮಲಯ ಹೆಂಗಸರು ಮರದ ಸೌಟಿಗೆ ಬಟ್ಟೆ ತೊಡಿಸಿ, ಅದನ್ನು ಸತ್ತವನೊಬ್ಬನ ಗೋರಿಯ ಬಳಿ ಒಯ್ದು, ಹುಣ್ಣಿಮೆಯಲ್ಲಿ ಅದಕ್ಕೆ ಆವೇಶ ಬರುತ್ತದೆಂದು ಕುಣಿಸಿದರು. ಡಾರ್ವಿನ್ನನಿಗೆ ಅದು ಮೌಢ್ಯದ ಆಟವಾಗಿ ಕಂಡಿತು. ಮೌಢ್ಯವನ್ನು ಶರಣರೂ ಒಪ್ಪಿದವರಲ್ಲ. ಆದರೂ ತಾಯ್ನೆಲದಿಂದ ಕಿತ್ತು ತರಲ್ಪಟ್ಟ ಜನಕ್ಕೆ ತಮ್ಮದೆಂದು ಉಳಿದಿದ್ದ ಸಂಗತಿಗಳು ಎಷ್ಟು ಎಂದು ಯೋಚಿಸಿದಾಗ ನಮಗೆ ನಗು ಬರುವುದಿಲ್ಲ.

ಮುಂದಿನ ಕಥೆ ಇನ್ನೂ ದೀರ್ಘವಾದುದು. 1886ರಲ್ಲಿ ಬ್ರಿಟಿಷ್ ರಾಣಿಯು ದ್ವೀಪಗಳನ್ನು ಕ್ಲೂನೀಸ್ ರಾಸ್ ಮನೆತನಕ್ಕೆ ಶಾಶ್ವತವಾಗಿ ಬರೆದುಕೊಟ್ಟಳು. ಮಲಯ ಜನ ತಲೆಮಾರುಗಳ ಕಾಲ ಅವರ ತೋಟದಲ್ಲಿ ಕಾಯಿ ಆಯ್ದು, ಸುಲಿದು, ಕೊಬ್ಬರಿ ಒಣಗಿಸಿದರು. ಕೂಲಿಯಾಗಿ ಸಿಗುತ್ತಿದ್ದುದು ಮನೆತನವೇ ಹೊರಡಿಸಿದ ಬಿಲ್ಲೆಗಳು. ಅವುಗಳಿಗೆ ರೂಪಾಯಿ ಎಂದೇ ಹೆಸರು! ಆದರೆ ಒಡೆಯನ ಅಂಗಡಿಯ ಹೊರಗೆ ಆ ರೂಪಾಯಿಗೆ ಬೆಲೆಯಿಲ್ಲ. ದುಡಿಮೆ ಇವರದು, ನಾಣ್ಯ ಅವನದು, ಅಂಗಡಿಯೂ ಅವನದೇ. 1974ರಲ್ಲಿ ವಿಶ್ವಸಂಸ್ಥೆಯ ನಿಯೋಗವೊಂದು ಬಂದು ನೋಡಿ ಈ ವ್ಯವಸ್ಥೆಯನ್ನು ಆಕ್ಷೇಪಿಸಿತು. 1978ರಲ್ಲಿ ಆಸ್ಟ್ರೇಲಿಯ ಸರ್ಕಾರವು ದ್ವೀಪಗಳ ಬಹುಭಾಗವನ್ನು 62 ಲಕ್ಷ 50 ಸಾವಿರ ಡಾಲರಿಗೆ ಕೊಂಡಿತು. 1984ರ ಏಪ್ರಿಲ್ 6ರಂದು ದ್ವೀಪವಾಸಿಗಳು ತಮ್ಮ ಭವಿಷ್ಯದ ಬಗ್ಗೆ ಮತ ಹಾಕಿದರು. 229 ಮಂದಿ ಆಸ್ಟ್ರೇಲಿಯದೊಡನೆ ಪೂರ್ಣವಾಗಿ ಸೇರಲು ಒಪ್ಪಿದರು. ಡಾರ್ವಿನ್ನನು ಕಂಡ ಆ ಅರೆಸ್ವಾತಂತ್ರ್ಯ ಪೂರ್ಣವಾಗಲು ನೂರನಲವತ್ತೆಂಟು ವರ್ಷ ಹಿಡಿಯಿತು.

ಇಲ್ಲಿ ನಮಗೆ ಶರಣ ನುಲಿಯ ಚಂದಯ್ಯನವರ ನೆನಪಾಗುತ್ತದೆ. ಕೆರೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸಿದವರು ಅವರು. ಹುಲ್ಲು ಕೊಯ್ಯುವಾಗ ಲಿಂಗವೇ ಜಾರಿ ನೀರಿಗೆ ಬಿದ್ದರೂ ಕಾಯಕ ಬಿಡಲಿಲ್ಲವೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ಕಥೆ ಹೇಳುವಾಗ ಒಂದು ಅಂಶವನ್ನು ಮರೆಯುತ್ತೇವೆ. ಚಂದಯ್ಯನವರ ಹಗ್ಗ ಚಂದಯ್ಯನವರದೇ ಆಗಿತ್ತು. ಅದರ ಬೆಲೆಯನ್ನು ಯಾರಿಗೆ, ಹೇಗೆ ಅರ್ಪಿಸಬೇಕೆಂಬ ಸ್ವಾತಂತ್ರ್ಯ ಅವರ ಕೈಯಲ್ಲಿತ್ತು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಪತಿಯನ್ನು ಆಯ್ದಕ್ಕಿ ಲಕ್ಕಮ್ಮನವರು ಪ್ರಶ್ನಿಸಿ ಮರಳಿಸಿದ್ದೂ ಅಂಥ ಸ್ವಾತಂತ್ರ್ಯದ ನೆಲೆಯಿಂದಲೇ. ಫಲದ ಮೇಲೆ ಅಧಿಕಾರವಿಲ್ಲದ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲದು. ಅದು ಕೇವಲ ಜೀತ. ನಮ್ಮ ಹೊಲಮನೆಗಳಲ್ಲಿ, ಅಂಗಡಿಗಳಲ್ಲಿ ದುಡಿಯುವವರಿಗೆ ನಾವು ಕೊಡುವುದು ಯಾವ ರೂಪಾಯಿ ಎಂದು ಒಮ್ಮೆ ಕೇಳಿಕೊಳ್ಳುವುದು ಒಳಿತು.

ನಮ್ಮ ಕಡಲಿನ ಹವಳ

ಇವೆಲ್ಲ ದೂರದ ಮಾತೆಂದು ಭಾವಿಸಬೇಕಾಗಿಲ್ಲ. ಹವಳದ ಉಂಗುರಕ್ಕೆ ಇಂದು ಜಗತ್ತೇ ಬಳಸುವ ‘ಅಟಾಲ್’ ಎಂಬ ಶಬ್ದ ಮಾಲ್ದೀವಿನ ಭಾಷೆಯದು. ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ಅದೇ ಭಾಷೆಯ ಒಂದು ರೂಪವನ್ನು ಆಡುತ್ತಾರೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಅಲ್ಲಿನ ಹಾಯಿದೋಣಿಗಳು ತೆಂಗಿನ ನಾರಿನ ಹುರಿ ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದವು. ಬ್ರಿಟಿಷರ ಕಾಲದಲ್ಲಿ ಆ ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಿ, ಸರ್ಕಾರ ನಿಗದಿಮಾಡಿದ ದರದಲ್ಲಿ ಅಕ್ಕಿ ಪಡೆಯಬೇಕಾಗಿತ್ತು. ನಾರು ಹೊಸೆದ ಕೈಗಳಿಗೆ ಬೆಲೆ ಕಟ್ಟುವ ಹಕ್ಕಿಲ್ಲದ ಕಥೆ ನಮ್ಮ ಕರಾವಳಿಯಲ್ಲೂ ನಡೆದದ್ದೇ.

ಇಂದು ಆ ಹವಳಕ್ಕೇ ಕುತ್ತು ಬಂದಿದೆ. ಹವಳಜೀವಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಅದು ಬಿಸಿಲಿನಿಂದ ಆಹಾರ ತಯಾರಿಸಿ ತನಗೆ ಆಶ್ರಯ ಕೊಟ್ಟ ಜೀವಿಗೆ ಉಣಿಸುತ್ತದೆ. ಇದೊಂದು ಬಗೆಯ ದಾಸೋಹವೆಂದೇ ಹೇಳಬಹುದು. ನೀರು ವಾಡಿಕೆಗಿಂತ ಹೆಚ್ಚು ಬಿಸಿಯಾದರೆ ಈ ಸಂಬಂಧ ಮುರಿದು, ಹವಳ ಬಿಳಿಚಿಕೊಂಡು, ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಕಟ್ಟುವ ಜೀವಿ ಸತ್ತರೆ ಅಲೆಯನ್ನು ತಡೆಯುವ ಗೋಡೆ ಉಳಿಯುವುದಿಲ್ಲ. ಗೋಡೆ ಹೋದರೆ ನೆಲವೂ, ಆ ತೆಳುವಾದ ಸಿಹಿನೀರೂ ಅಪಾಯಕ್ಕೆ ಸಿಲುಕುತ್ತವೆ. ಕಡಲು ಕಾಣದ ಊರಿನಲ್ಲಿ ನಾವು ಸುಡುವ ಎಣ್ಣೆ, ಕಲ್ಲಿದ್ದಲುಗಳ ಕಾವೂ ಅದರಲ್ಲಿ ಪಾಲುದಾರ.

1836ರ ಏಪ್ರಿಲ್ 12ರಂದು ಬೀಗಲ್ ಹಡಗು ಒಳಕೊಳದಿಂದ ಹೊರಟು ಮಾರಿಷಸ್ ಕಡೆಗೆ ತಿರುಗಿತು. ಅಕ್ಟೋಬರ್ 2ರಂದು ಇಂಗ್ಲೆಂಡ್ ಸೇರಿತು. ಪಾದ್ರಿಯಾಗಬೇಕಿದ್ದ ಯುವಕನು ಪಾದ್ರಿಯಾಗಲಿಲ್ಲ. ಮುಂದೆ ಅವನ ದೈವಶ್ರದ್ಧೆಯೂ ಕ್ರಮೇಣ ಸಡಿಲವಾಯಿತು. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾದ ಕಾರಣ ನಮಗೆ ಕಾಣುವುದಿಲ್ಲ. ಶರಣರು ವಿಜ್ಞಾನಿಗಳಾಗಿದ್ದರೆಂದು ಹೇಳುವ ಉತ್ಸಾಹವೂ ನಮಗಿಲ್ಲ. ಆದರೆ ಕಂಠಪಾಠದ ಅರಿವಿಗಿಂತ ಅನುಭಾವದ ಅರಿವು ಹಿರಿದೆಂದು ಕಲಿಸಿದ ಪರಂಪರೆ ನಮ್ಮದು. ನಿಂತು ನೋಡುವವನಿಗೆ, ಎಣಿಸಿ ತೂಗುವವನಿಗೆ, ತನ್ನ ತೋಳಿನ ಮೇಲೆ ಉರಿ ತಾಳಿಕೊಂಡು ಬರೆಯುವವನಿಗೆ ಆ ಪರಂಪರೆಯಲ್ಲಿ ಗೌರವವಿದೆ. ಪ್ರಶ್ನೆ ಕೇಳುವ ಮಗುವಿನ ಭಕ್ತಿ ಕುಂದುತ್ತದೆಂದು ಹೆದರುವವರು, ಪ್ರಶ್ನೆ ಕೇಳದ ಭಕ್ತಿ ಎಷ್ಟು ಗಟ್ಟಿ ಎಂದೂ ಯೋಚಿಸಬೇಕು.

ಪಾಠಶಾಲೆಯಲ್ಲಿ ನಾವು ಕೇಳದೆ ಉಳಿಸಿದ ಪ್ರಶ್ನೆಗೆ ಅರುವತ್ತು ದಾಟಿದ ಮೇಲೆ ಅಷ್ಟಿಷ್ಟು ಉತ್ತರ ಸಿಕ್ಕಿದೆ. ಎರಡು ಕಡೆ ನೀರುಳ್ಳ ನೆಲ ಕವಿಸಮಯವಲ್ಲ; ಅದು ಇದೆ. ಅದನ್ನು ಕಟ್ಟಿದವು ಕಣ್ಣಿಗೆ ಅಲ್ಪವಾದ ಜೀವಿಗಳು, ಅದರ ಮೇಲೆ ದುಡಿದವರು ಲೋಕವು ಅಲ್ಪರೆಂದು ಬಗೆದ ಜನ. ಈ ಇಬ್ಬರನ್ನೂ ಹಿರಿದಾಗಿ ಕಾಣುವ ಕಣ್ಣು ನಮ್ಮ ಮನೆಯ ಮಕ್ಕಳಿಗೆ ಬರಲಿ ಎಂದು ಹಾರೈಸುತ್ತೇವೆ.